ನಕಲು ಮಾಡಲು ಬಾರದವರು

"ಮೇಡಂ, ನೀವು ಬಿ.ಎ., ಬಿ.ಎಡ್. ಕನ್ನಡ, ಸಮಾಜ ಪಾಠ ಮಾಡುವವರು. ಸಿ ಭಾಷೆಯ ಉಸಾಬರಿ ನಿಮಗ್ಯಾಕ್ರಿ?" ಎಂದು ಕಾಲೇಜಿನ ಉಪನ್ಯಾಸಕರೊಬ್ಬರು ನನ್ನನ್ನು ಕೇಳಿದರು. ಕೇಳಿದ್ದು ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಕುಳಿತಾಗ. ಎಲೆಯ ಮುಂದೆ ಜಗಳ ಬೇಡವೆಂದು ನಕ್ಕು ಸುಮ್ಮನಾದೆ. ಅಂದು ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಸಿಟ್ಟಾಗುವವರು ಆಗಲಿ.

ನನ್ನ ತಕರಾರು ಇಡೀ ಕಂಪ್ಯೂಟರ್ ವಿದ್ಯೆಯ ಮೇಲಲ್ಲ, ಒಂದೇ ಒಂದು ಪ್ರೋಗ್ರಾಮಿನ ಮೇಲೆ. ಒಂದು ಫೈಲನ್ನು ಓದಿ, ಅದರಂತೆಯೇ ಇನ್ನೊಂದನ್ನು ಬರೆಯುವ ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಮು. ಸಿ ಭಾಷೆ ಕಲಿಸುವ ಕಡೆಯಲ್ಲಿ ಇದು ಲ್ಯಾಬ್ ರೆಕಾರ್ಡಿನಲ್ಲಿ ಇದ್ದೇ ಇರುತ್ತದೆ. ಹಿರಿಯ ವಿದ್ಯಾರ್ಥಿಯ ರೆಕಾರ್ಡಿನಿಂದ ಕಿರಿಯವನು ಇಳಿಸಿಕೊಳ್ಳುತ್ತಾನೆ, ಅವನದರಿಂದ ಅವನ ಮುಂದಿನವನು. ನಕಲು ಮಾಡುವ ಪ್ರೋಗ್ರಾಮನ್ನೇ ನಕಲು ಮಾಡುತ್ತಾರೆ. ಹಾಗೆ ಮಾಡುವಾಗ ಅದರ ಜೀವ ಇರುವ ಒಂದು ಪದವನ್ನು ಎಷ್ಟೋ ಮಂದಿ ತಪ್ಪಿಸುತ್ತಾರೆ. ಪರೀಕ್ಷಕರು ಪೂರ್ತಿ ಅಂಕ ಕೊಟ್ಟು ಕಳಿಸುತ್ತಾರೆ. ಆ ಅಂಕದ ದಂಡವನ್ನು ನಾನು ತೆತ್ತಿದ್ದೇನೆ. ಉಸಾಬರಿ ಅದಕ್ಕೆ.

ನನ್ನ ತವರು ಹರಪನಹಳ್ಳಿ. ಕೊಟ್ಟ ಊರು ಕೊಟ್ಟೂರು. ನೌಕರಿ ಮಾಡಿದ್ದು ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ. ಈ ಐದು ಊರುಗಳ ನಡುವೆ ಕೆಂಪು ಬಸ್ಸಿನಲ್ಲಿ ಓಡಾಡಿಯೇ ಆಯುಷ್ಯದ ಮುಕ್ಕಾಲು ಪಾಲು ಕಳೆದಿದೆ. 2018ರಲ್ಲಿ ನಾನಿದ್ದ ಶಾಲೆಗೆ ಐವತ್ತು ವರ್ಷ ತುಂಬಿತು. ಸ್ಮರಣ ಸಂಚಿಕೆಗೆಂದು ಹಳೆಯ ಫೋಟೋ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಾಳಿಗೆ ಮನೆಗಳ ಗೋಡೆಯಿಂದ ಇಳಿಸಿ, ಸೆರಗಿನಿಂದ ಧೂಳು ಒರೆಸಿ, "ಜ್ವಾಕೀರಿ ಅಕ್ಕೋರೇ, ಇದೊಂದೇ ಇರೋದು" ಎಂದು ಕೊಟ್ಟ ಫೋಟೋಗಳು. ಮೊದಲ ತಂಡದಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗಿಯರು ಹನ್ನೊಂದು ಮಂದಿ. ಎಣ್ಣೆ ಹಚ್ಚಿ ಬಿಗಿದ ಜಡೆ, ಬರಿಗಾಲು, ಒಬ್ಬಳ ಕೈಯಲ್ಲಿ ಸ್ಲೇಟು. ಒಟ್ಟು 214 ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ಮೂಲಗಳನ್ನು ಅವರವರ ಮನೆಗೆ ಮುಟ್ಟಿಸಿದೆ. ಎಡದಿಂದ ಬಲಕ್ಕೆ ಯಾರು, ಯಾರ ಮಗಳು, ಯಾವ ಊರಿಗೆ ಕೊಟ್ಟರು ಎಂದೆಲ್ಲ ಕೇಳಿ ಕೇಳಿ ಕನ್ನಡದಲ್ಲಿ ಬೆರಳಚ್ಚು ಮಾಡಿದ ವಿವರಗಳದೇ ಒಂದು ಫೈಲು. ಮೂರು ತಿಂಗಳ ಕೆಲಸ.

ಶಾಲೆಯ ಕಂಪ್ಯೂಟರ್ ಕೊನೆಯುಸಿರಿನಲ್ಲಿತ್ತು. ನಮ್ಮಣ್ಣನ ಮಗ ಆಗ ಬಿ.ಸಿ.ಎ. ಕಡೆಯ ವರ್ಷ. ಅವನ ಪ್ರಾಜೆಕ್ಟೇ ಶಾಲಾ ದಾಖಲೆಗಳನ್ನು ನಕಲು ಮಾಡಿ ಕಾಪಾಡುವ ಸಾಫ್ಟ್‌ವೇರು. "ಅತ್ತಿ, ನಂದರಾಗೇ ಮಾಡಿಕೊಡ್ತೀನಿ" ಎಂದು ಬಂದ. ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಎಷ್ಟು ಚುರುಕು ನಮ್ಮ ಹುಡುಗ ಎಂದು ಹೆಮ್ಮೆಪಟ್ಟೆ. ಪರದೆಯ ಮೇಲೆ 214 ಹೆಸರು ಸಾಲಾಗಿ ಬಂದಿದ್ದವು. "ಎಲ್ಲಾ ಬಂದಾವು ನೋಡ್ರಿ ಅತ್ತಿ." ನಾನು ನನಗೆ ಗೊತ್ತಿದ್ದ ಒಂದನ್ನು, ಅಂದರೆ ವಿವರಗಳ ಫೈಲನ್ನು, ತೆರೆದು ನೋಡಿದೆ. ಒಂದು ಅಕ್ಷರ ಕೊಂಬಿಲ್ಲದೆ ಬಿದ್ದಿರಲಿಲ್ಲ. ಹಳೆಯ ಕಂಪ್ಯೂಟರನ್ನು ಅಳಿಸಿ ಗುಜರಿಗೆ ಹಾಕಿದರು.

ತಿಂಗಳ ಮೇಲೆ ಅಚ್ಚಿಗೆ ಕೊಡಲು ಕೂತಾಗ ಒಂದು ಫೋಟೋವೂ ತೆರೆಯಲಿಲ್ಲ. ಎಲ್ಲದರ ಗಾತ್ರ ಸೊನ್ನೆ ಬೈಟು. ಹೆಸರುಗಳು ಉಳಿದಿದ್ದವು, ಮುಖಗಳು ಹೋಗಿದ್ದವು.

ಮತ್ತೆ ಮನೆ ಮನೆ ತಿರುಗಿದೆ. ಒಬ್ಬಾಕೆ ಅಷ್ಟರಲ್ಲಿ ತೀರಿಕೊಂಡಿದ್ದಳು. ಹಾಸಿಗೆ ಬಟ್ಟೆಯ ಜೊತೆ ಫೋಟೋವನ್ನೂ ಕಳೆದಿದ್ದರು. ಒಂದು ಮನೆಯ ಮಾಳಿಗೆ ಮಳೆಗೆ ಕುಸಿದಿತ್ತು. ಇನ್ನು ಕೆಲವರು "ಒಮ್ಮೆ ಕೊಟ್ಟೀವಲ್ರಿ" ಎಂದು ಬಾಗಿಲಿನಿಂದಲೇ ಕಳಿಸಿದರು. ಅವರನ್ನು ತಪ್ಪೆನ್ನಲಾರೆ. 37 ಫೋಟೋ ಸಿಗಲೇ ಇಲ್ಲ.

ಹುಡುಗನನ್ನು ಬೈಯುವ ಮೊದಲು, ಹೀಗೇಕಾಯಿತು ಹೇಳು ಎಂದೆ. ಅವನಿಗೆ ಗೊತ್ತಿರಲಿಲ್ಲ. ಅವನ ಮೇಷ್ಟರನ್ನು ಕೇಳಿದ; "ವೈರಸ್ ಇರಬೇಕು" ಎಂದರಂತೆ. ವೈರಸ್ ಎಂಬುದು ಈಗ ನಮ್ಮ ಕಾಲದ ದೆವ್ವ. ತಿಳಿಯದ್ದನ್ನೆಲ್ಲ ಅದರ ತಲೆಗೆ ಕಟ್ಟಬಹುದು. ದಸರಾ ರಜೆಯಲ್ಲಿ ಅತ್ತೆ ಸೋದರಳಿಯ ಇಬ್ಬರೂ ಪುಸ್ತಕ ಹಿಡಿದು ಕುಳಿತೆವು. ಅವನಿಗೆ ಇಂಗ್ಲಿಷ್ ಕಷ್ಟ, ನನಗೆ ಸಿ ಕಷ್ಟ. ಇಬ್ಬರ ಕಷ್ಟವೂ ಸೇರಿ ಹೇಗೋ ಹಾದಿ ಸಿಕ್ಕಿತು.

ಕಂಪ್ಯೂಟರಿಗೆ ಫೈಲೆಂದರೆ ಸಂಖ್ಯೆಗಳ ಸಾಲು. ಒಂದೊಂದು ಬೈಟೂ 0ರಿಂದ 255ರವರೆಗಿನ ಒಂದು ಸಂಖ್ಯೆ, ಒಟ್ಟು 256 ಬಗೆ. ಸಿ ಭಾಷೆಯಲ್ಲಿ 'ಎಫ್‌ಗೆಟ್‌ಸಿ' ಎಂಬುದು ಒಂದೊಂದೇ ಬೈಟನ್ನು ತಂದುಕೊಡುತ್ತದೆ. ಫೈಲು ಮುಗಿದಾಗ 'ಇಒಎಫ್' ಎಂಬ ಬೇರೆಯೇ ಒಂದು ಸಂಜ್ಞೆ ಕೊಡುತ್ತದೆ. ಅದರ ಬೆಲೆ ಸಾಮಾನ್ಯವಾಗಿ ಮೈನಸ್ ಒಂದು. ಅಂದರೆ ತಂದದ್ದನ್ನು ಹಾಕಿಕೊಳ್ಳುವ ಪಾತ್ರೆಗೆ 256 ಅಲ್ಲ, 257 ಬಗೆ ಹಿಡಿಸಬೇಕು. ಅದಕ್ಕೆ 'ಇಂಟ್' ಎಂಬ ದೊಡ್ಡ ಪಾತ್ರೆ ಬೇಕು. ನಮ್ಮ ಹುಡುಗ, ಅವನ ಹಿರಿಯರು, ಹಿರಿಯರ ಹಿರಿಯರು ಎಲ್ಲರೂ ಅಲ್ಲಿ ಬರೆದದ್ದು 'ಚಾರ್'. ಅದರಲ್ಲಿ 256 ಬಗೆಗಷ್ಟೇ ಜಾಗ.

ಇದನ್ನು ನನಗೆ ನಾನೇ ಹೇಳಿಕೊಂಡದ್ದು ಬಿಸಿಯೂಟದ ಪಂಕ್ತಿಯ ಲೆಕ್ಕದಲ್ಲಿ. ನಮ್ಮ ಕಡೆ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ ಬೇಸತ್ತವರು ಕಡೆಯದಕ್ಕೆ ಸಾಕಮ್ಮ ಎಂದು ಹೆಸರಿಡುತ್ತಿದ್ದರು. (ಆ ಹೆಸರಿನ ಹುಡುಗಿಯರಿಗೆ ಹಾಜರಿ ಕೂಗುವಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟ, ಅದು ಬೇರೆ ಪ್ರಬಂಧ.) ಈಗ, ಅಡಿಗೆಯಾಕೆ ಬಡಿಸುತ್ತ ಬರುತ್ತಾಳೆ. ಸರದಿಯವರ ಹೆಸರನ್ನು ಪಕ್ಕದಲ್ಲಿ ಒಬ್ಬ ಕೂಗುತ್ತಾನೆ. ಸಾಲು ಮುಗಿದಾಗ "ಸಾಕಮ್ಮಾ" ಎನ್ನಬೇಕೆಂದು ಕರಾರು. ಬಸಮ್ಮ, ಕೊಟ್ರಮ್ಮ, ಹುಲಿಗೆಮ್ಮ ಎಂದು ಸಾಗುವವರೆಗೆ ತೊಂದರೆಯಿಲ್ಲ. ಸಾಲಿನ ನಡುವೆ ನಿಜವಾಗಿ ಒಬ್ಬ ಸಾಕಮ್ಮ ಕುಳಿತಿದ್ದಳೋ, ಕೆಟ್ಟಿತು. ಹೆಸರು ಕೂಗಿದ್ದೇ ತಡ, ಅಡಿಗೆಯಾಕೆ ಸೌಟು ಕೆಳಗಿಟ್ಟು ಹೋಗುತ್ತಾಳೆ. ಸಾಕಮ್ಮನೂ ಅವಳ ಆಚೆಯವರೂ ಉಪವಾಸ.

255 ಎಂಬ ಬೈಟು ನಮ್ಮ ಸಾಕಮ್ಮ. ಅದನ್ನು 'ಚಾರ್' ಪಾತ್ರೆಗೆ ಹಾಕಿದರೆ ಹೆಚ್ಚಿನ ಯಂತ್ರಗಳಲ್ಲಿ ಅದು ಮೈನಸ್ ಒಂದೆಂದು ಕಾಣುತ್ತದೆ. ಪ್ರೋಗ್ರಾಮು ಮುಗಿಯಿತೆಂದು ನಿಲ್ಲುತ್ತದೆ. ಕನ್ನಡದ ಬರಹ ಯುಟಿಎಫ್-8 ಎಂಬ ರೂಪದಲ್ಲಿದ್ದರೆ ಅದರಲ್ಲಿ 255 ಎಂದೂ ಬರುವುದಿಲ್ಲ. 'ಕ' ಎಂದರೆ 224, 178, 149 ಎಂಬ ಮೂರು ಬೈಟು, ಅಷ್ಟೆ. ಅದಕ್ಕೇ ನನ್ನ ವಿವರಗಳ ಫೈಲು ಕೊಂಬು ದೀರ್ಘ ಸಮೇತ ದಾಟಿತು. ಜೆಪೆಗ್ ಫೋಟೋ ಆರಂಭವಾಗುವುದೇ 255, 216 ಎಂದು. ಪಂಕ್ತಿಯ ತುದಿಯಲ್ಲೇ ಸಾಕಮ್ಮ ಕುಳಿತ ಹಾಗೆ. 214 ಪಂಕ್ತಿಗೂ ಅಡಿಗೆಯಾಕೆ ಕಾಲಿಟ್ಟು ತಿರುಗಿ ಹೋದಳು. ಚಹಾ ಆರುವುದರೊಳಗೆ ಮುಗಿದ ಗುಟ್ಟು ಅದು.

ಇನ್ನೂ ಚೋದ್ಯವೆಂದರೆ 'ಚಾರ್' ಎಲ್ಲ ಯಂತ್ರಗಳಲ್ಲೂ ಒಂದೇ ಅಲ್ಲ. ಲಿನಕ್ಸ್ ನಡೆಸುವ ಎಆರ್‌ಎಂ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಮೈನಸ್ ಬೆಲೆಯೇ ಇಲ್ಲ. ಅಲ್ಲಿ ಇದೇ ಪ್ರೋಗ್ರಾಮು ಎಂದಿಗೂ ನಿಲ್ಲುವುದಿಲ್ಲ. "ಸಾಕು" ಎಂಬ ಮಾತೇ ಕೇಳಿಸದ ಕಿವುಡಿ, ಪಂಕ್ತಿ ಎದ್ದು ಹೋದರೂ ಡಿಸ್ಕು ತುಂಬುವ ತನಕ ಬಡಿಸುತ್ತಲೇ ಇರುತ್ತಾಳೆ.

ಸಿ ಭಾಷೆಯನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದವರು ಡೆನಿಸ್ ರಿಚೀ. ಅವರೂ ಬ್ರಯನ್ ಕರ್ನಿಘನ್ ಅವರೂ ಸೇರಿ 1978ರಲ್ಲಿ ತಂದ ಪುಸ್ತಕದ ಮೊದಲ ಅಧ್ಯಾಯದಲ್ಲೇ ಈ ನಕಲು ಪ್ರೋಗ್ರಾಮು ಇದೆ. ಅಲ್ಲಿ 'ಇಂಟ್' ಎಂದೇ ಇದೆ. 'ಚಾರ್' ಏಕೆ ಸಾಲದು ಎಂಬುದನ್ನೂ ಅಲ್ಲೇ ಹೇಳಿದ್ದಾರೆ. ಕಟ್ಟಿದವರು ಮೊದಲ ದಿನವೇ ಎಚ್ಚರಿಸಿದ ತಪ್ಪನ್ನು ನಲವತ್ತು ವರ್ಷದ ಮೇಲೆ ನಮ್ಮ ಹುಡುಗ ಮಾಡಿ, ಲ್ಯಾಬಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತಂದ.

ಇದು ಹೇಗಾಗುತ್ತದೆಂದು ನನ್ನಂಥ ಟೀಚರಿಗೆ ಯಾರೂ ಹೇಳಬೇಕಿಲ್ಲ. ಮಕ್ಕಳ ಕಾಪಿ ಪುಸ್ತಕ ನೋಡಿ. ಮೇಲಿನ ಸಾಲಿನಲ್ಲಿ ದುಂಡಗೆ ಅಚ್ಚು ಹಾಕಿರುತ್ತದೆ. ಮೊದಲ ಸಾಲನ್ನು ಮಗು ಅಚ್ಚು ನೋಡಿ ಬರೆಯುತ್ತದೆ. ಎರಡನೆಯದನ್ನು ಬರೆಯುವಾಗ ಕಣ್ಣು ಅಚ್ಚಿನವರೆಗೆ ಹೋಗುವುದಿಲ್ಲ, ತಾನೇ ಬರೆದ ಮೊದಲ ಸಾಲಿಗೇ ನಿಲ್ಲುತ್ತದೆ. ಹತ್ತನೆಯ ಸಾಲಿಗೆ ಬರುವಾಗ 'ಮ'ದ ಹೊಟ್ಟೆ ಒಡೆದಿರುತ್ತದೆ. ಮೈಲಾರದ ಕಾರಣಿಕದಲ್ಲೂ ಇದೇ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಎಂದರೆ ಸಾವಿರ ಸಾವಿರ ಜನ ಉಸಿರು ಹಿಡಿಯುತ್ತಾರೆ. ಅವನು ನುಡಿಯುವುದು ಒಂದೇ ವಾಕ್ಯ. ಹಡಗಲಿ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅದು ಮೂರಾಗಿರುತ್ತದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳೆಂದು ನಾವು ವರ್ಷವರ್ಷ ಪಾಠ ಹೇಳುತ್ತೇವೆ. ಸಾವಿರನೆಯ ಪ್ರತಿಯನ್ನು ಯಾವುದನ್ನು ನೋಡಿ ಬರೆದರು ಎಂದು ಇದುವರೆಗೆ ಒಂದು ಮಗುವೂ ನನ್ನನ್ನು ಕೇಳಿಲ್ಲ, ನಾನೂ ಕೇಳಿಸಿಲ್ಲ. ಲಿಪಿಕಾರರು ಎಲ್ಲೆಲ್ಲಿ ಕಣ್ಣು ತಪ್ಪುತ್ತಾರೆಂದು ಡಿ.ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯ ಪುಸ್ತಕದಲ್ಲಿ ವಿಚಾರ ಮಾಡಿದ್ದಾರೆ. ನಮ್ಮ ಲ್ಯಾಬ್ ರೆಕಾರ್ಡುಗಳನ್ನು ಅವರು ನೋಡಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದರೇನೋ.

'ಇಂಟ್' ಮಾಡಿ ಓಡಿಸಿದೆವು. ಈ ಸಲ ಸೊನ್ನೆಯಲ್ಲ, ಕೆಲವು ನೂರು ಬೈಟು ಬಂದು ನಿಂತಿತು. ಫೈಲನ್ನು ತೆರೆಯುವಾಗ 'ಆರ್‌ಬಿ', 'ಡಬ್ಲ್ಯೂಬಿ' ಎನ್ನುವ ಬದಲು ಬರೀ 'ಆರ್', 'ಡಬ್ಲ್ಯೂ' ಎಂದಿದ್ದ. ಲಿನಕ್ಸಿನಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ವಿಂಡೋಸಿನಲ್ಲಿ 'ಬಿ' ಇಲ್ಲದಿದ್ದರೆ ಅದನ್ನು ಬರಹವೆಂದು ತಿಳಿದು, 26 ಎಂಬ ಬೈಟು ಕಂಡಲ್ಲಿ ಮುಗಿಯಿತೆನ್ನುತ್ತದೆ. ಸಾಲಿನ ಕೊನೆಯ ಗುರುತುಗಳನ್ನೂ ತಿದ್ದುತ್ತದೆ. ಇದು ಎರಡನೆಯ ಸಾಕಮ್ಮ. ಒಂದು ಯಂತ್ರದಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುತ್ತದೆಂದು ನಂಬಬಾರದೆಂದು ನಮ್ಮ ಹರಪನಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ, ಇದ್ದಲ್ಲಿಂದ ಕದಲದೆಯೇ ತಾಲ್ಲೂಕು ಮೂರು ಸಲ ಜಿಲ್ಲೆ ಬದಲಿಸಿದೆ. ಯಾವ ಕಚೇರಿಗೆ ಹೊತ್ತೊಯ್ದರೂ ನಡೆಯುವ ಕಾಗದ ಎಷ್ಟು ಅಪರೂಪವೆಂದು ನಮ್ಮಣ್ಣನನ್ನು ಕೇಳಬೇಕು.

ಇನ್ನು ದೊಡ್ಡ ಫೈಲಿನ ಮಾತು. ಶಾಲೆಯ ವಾರ್ಷಿಕೋತ್ಸವದ ವಿಡಿಯೋ 4 ಜಿಬಿ ಇತ್ತೆನ್ನಿ. ಅಂದರೆ 429 ಕೋಟಿಗೂ ಮೇಲೆ ಬೈಟು. ಒಂದೊಂದನ್ನೇ ಕೇಳಿದರೆ ಪ್ರತಿಯೊಂದಕ್ಕೂ ಡಿಸ್ಕಿಗೆ ಹೋಗಿ ಬರುತ್ತದೆಂದು ಕೆಲವರು ಕಲಿಸುತ್ತಾರೆ, ಅದು ಸರಿಯಲ್ಲ. ಸಿ ತಾನೇ ಒಂದು ಬುಟ್ಟಿ ತುಂಬಿಟ್ಟುಕೊಂಡು ಅದರಿಂದ ಕೊಡುತ್ತದೆ. ಆದರೂ ಬುಟ್ಟಿಯಿಂದ ಒಂದೊಂದೇ ಕಾಳು ಎತ್ತು ಎಂದು 429 ಕೋಟಿ ಸಲ ಕೂಗಬೇಕಲ್ಲ. ಹಗೇವಿನಿಂದ ಜೋಳ ತೆಗೆಯುವಾಗ ಯಾರೂ ಕಾಳು ಎಣಿಸುವುದಿಲ್ಲ, ಇಡೀ ಹಗೇವನ್ನು ಒಂದೇ ಸಲ ತಲೆಯ ಮೇಲೆ ಹೊರುವುದೂ ಇಲ್ಲ. ಹೊರುವಷ್ಟು ಬುಟ್ಟಿ ಹಿಡಿಯುತ್ತಾರೆ. ಸಿಯಲ್ಲಿ ಅದಕ್ಕೆ 'ಎಫ್‌ರೀಡ್', 'ಎಫ್‌ರೈಟ್' ಇವೆ. 65,536 ಬೈಟಿನ ಬುಟ್ಟಿ ಹಿಡಿದರೆ ಅದೇ 4 ಜಿಬಿಗೆ 65,536 ಬುಟ್ಟಿ ಸಾಕು. ಕೊನೆಯ ಬುಟ್ಟಿ ಅರೆ ತುಂಬಿದ್ದರೆ ಅರೆಯನ್ನೇ ಸುರಿಯಬೇಕು, ಪೂರ್ತಿಯೆಂದು ತಳದ ಹಳೆಯ ಕಸ ಸುರಿಯಬಾರದು. ಎಷ್ಟು ಬಂತೆಂದು 'ಎಫ್‌ರೀಡ್' ಹೇಳುತ್ತದೆ, ಕೇಳಿಸಿಕೊಳ್ಳಬೇಕು.

ಹಗೇವಿನಲ್ಲಿ ಎಷ್ಟಿದೆ ಎಂದು ಮೊದಲೇ ಅಳೆದು ಆಮೇಲೆ ತೆಗೆಯುವ ಜಾಣರಿದ್ದಾರೆ. ಆ ಅಳತೆಯನ್ನು ಕೊಡುವ 'ಎಫ್‌ಟೆಲ್' ತನ್ನ ಲೆಕ್ಕವನ್ನು 'ಲಾಂಗ್' ಎಂಬ ಪಾತ್ರೆಯಲ್ಲಿ ಕೊಡುತ್ತದೆ. ವಿಂಡೋಸಿನಲ್ಲಿ ಅದಕ್ಕೆ 2 ಜಿಬಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅಳೆಯುವ ಗೋಜೇ ಬೇಡ. ಬರಿದಾಗುವ ತನಕ ತೆಗೆಯುತ್ತ ಹೋದರೆ ಎಲ್ಲ ಯಂತ್ರಕ್ಕೂ ಸರಿ.

ನನ್ನ ದೊಡ್ಡ ಸಿಟ್ಟು ಮುಂದಿನದಕ್ಕೆ. ನಮ್ಮ ಹುಡುಗನ ಪ್ರೋಗ್ರಾಮು ಬರೆದದ್ದು ಬರೆಯಿತೋ ಇಲ್ಲವೋ ಎಂದು ಒಮ್ಮೆಯೂ ಕೇಳಿರಲಿಲ್ಲ. ಡಿಸ್ಕು ತುಂಬಿದರೆ 'ಎಫ್‌ರೈಟ್' ಕಡಿಮೆ ಎಣಿಕೆ ಕೊಟ್ಟು ತಿಳಿಸುತ್ತದೆ. ಕೆಲವು ಸಲ ಅದೂ ಹೇಳದೆ, ಫೈಲು ಮುಚ್ಚುವ 'ಎಫ್‌ಕ್ಲೋಸ್' ಹೊತ್ತಿಗೆ ತಿಳಿಯುತ್ತದೆ. ಕೈಗೆ ತಗೊಂಡೆ ಎಂದವನು ಮನೆಗೆ ಮುಟ್ಟಿಸಿದ ಎಂದೇನಿಲ್ಲ. ಇಷ್ಟಾದ ಮೇಲೂ ಎರಡು ಫೈಲನ್ನೂ ಮತ್ತೆ ತೆರೆದು ಬೈಟಿಗೆ ಬೈಟು ಹೋಲಿಸಿ ನೋಡಬೇಕು. ಕೋರ್ಟು ಕಚೇರಿಗಳಲ್ಲಿ ಕೈಬರಹದ ನಕಲಿನ ಕೆಳಗೆ ಬರೆದವರದು ಒಂದು ಸಹಿ, ತಾಳೆ ನೋಡಿದವರದು ಇನ್ನೊಂದು ಸಹಿ ಇರುತ್ತಿತ್ತು. ಏಳನೆಯ ತರಗತಿ ಓದಿದ ಗುಮಾಸ್ತನಿಗೆ ಗೊತ್ತಿದ್ದ ಈ ಶಿಸ್ತು ಮೂರು ವರ್ಷದ ಪದವಿಯಲ್ಲಿ ಹುಡುಗನಿಗೆ ಯಾರೂ ಹೇಳಲಿಲ್ಲ. ಪರೀಕ್ಷೆಯ ದಿನ ಒಂದು ಸಾಲಿನ 'ಹಲೋ' ಇದ್ದ ಫೈಲನ್ನು ಅದು ನಕಲು ಮಾಡಿ ತೋರಿಸಿತು. 'ಹಲೋ'ದಲ್ಲಿ ಸಾಕಮ್ಮ ಎಲ್ಲಿಂದ ಬರಬೇಕು? ಪರೀಕ್ಷಕರು ಒಂದೇ ಒಂದು ಫೋಟೋ ಕೊಟ್ಟು ಇದನ್ನು ಮಾಡು ನೋಡೋಣ ಎಂದಿದ್ದರೆ ಸಾಕಾಗಿತ್ತು.

ಆ ಊಟದ ಪಂಕ್ತಿಯ ಉಪನ್ಯಾಸಕರು ಇನ್ನೂ ಎರಡು ಮಾತು ಹೇಳಿದ್ದರು. ಈಗ ಇದೆಲ್ಲ ಯಾರು ಬರೆಯುತ್ತಾರೆ, ಪೈಥಾನಿನಲ್ಲಿ ಒಂದು ಸಾಲು, ವಿಂಡೋಸಿನಲ್ಲಿ ಒಂದು ಗುಂಡಿ ಎಂದು. ಒಪ್ಪಿದೆ. ನಾನೂ ಈಗ ಆ ಗುಂಡಿಯನ್ನೇ ಒತ್ತುತ್ತೇನೆ. ಲಿನಕ್ಸು, ವಿಂಡೋಸು, ಮ್ಯಾಕು ಮೂರಕ್ಕೂ ತಮ್ಮದೇ ವೇಗದ ನಕಲು ವ್ಯವಸ್ಥೆ ಇದೆ, ನಮ್ಮ ಬುಟ್ಟಿಗಿಂತ ಚುರುಕು. ಆದರೆ ಒಂದರದ್ದು ಇನ್ನೊಂದಕ್ಕೆ ಆಗದು. ಮತ್ತೆ ಆ ಪೈಥಾನನ್ನು, ಲಿನಕ್ಸಿನ ತಿರುಳನ್ನು ಬರೆದಿರುವುದು ಹೆಚ್ಚಾಗಿ ಸಿಯಲ್ಲೇ. ಬೇಡದ ವಿದ್ಯೆಯಾದರೆ ಪಠ್ಯದಿಂದ ತೆಗೆಯಿರಿ. ಇಟ್ಟುಕೊಂಡು ತಪ್ಪು ಕಲಿಸುವುದು ಯಾವ ನ್ಯಾಯ?

ಎರಡನೆಯ ಮಾತು ನನಗೆ ಇಂದಿಗೂ ಚುಚ್ಚುತ್ತದೆ. "ಕೂಡ್ಲಿಗಿ, ಹಡಗಲಿ ಕಡಿಂದ ಬರೋ ಹುಡುಗ್ರು ಮೇಡಂ, ಕನ್ನಡ ಮೀಡಿಯಮ್ಮು. ತಿಳಿಸಿದ್ರ ತಿಳಿಯಂಗಿಲ್ಲ, ಬಾಯಿಪಾಠ ಮಾಡಿಸಿ ಪಾಸು ಮಾಡಿಸ್ತೀವಿ." ಸಾಕಮ್ಮನ ಪಂಕ್ತಿಯನ್ನು ನಾನು ಒಂಬತ್ತನೆಯ ತರಗತಿಯಲ್ಲಿ ಬಿಡುವಿನ ಅವಧಿಯಲ್ಲಿ ಹೇಳಿದೆ. ಹತ್ತು ನಿಮಿಷ ಹಿಡಿಯಿತು. ಹಿಂದಿನ ಬೆಂಚಿನ ಒಬ್ಬಳು ಎದ್ದು, "ಹಂಗಾದ್ರ ಸಾಲು ಮುಗಿದ್ರ ಹೆಸರಾ ಕೂಗಬಾರ್ದು ಟೀಚರ್, ಗಂಟಿ ಹೊಡೀಬೇಕು" ಎಂದಳು. 'ಇಂಟ್' ಮಾಡುವುದೆಂದರೆ ಅಷ್ಟೇ. ತಿಳಿಯದವರು ಯಾರು?

ಇಷ್ಟು ಬೈದವಳು ನನ್ನ ಪಾಲಿನದನ್ನೂ ಹೇಳಬೇಕು. ಅಣ್ಣನ ಮಗ ಎಂಟರಿಂದ ಹತ್ತನೆಯವರೆಗೆ ನಮ್ಮ ಮನೆಯಲ್ಲೇ ಇದ್ದು ನನ್ನ ಶಾಲೆಯಲ್ಲೇ ಓದಿದವನು. ಫಲಿತಾಂಶ ಇಷ್ಟು ಬರಲೇಬೇಕೆಂದು ಮೇಲಿನಿಂದ ಒತ್ತಡ ಬಂದಾಗ ಪ್ರಶ್ನಕೋಠಿಯನ್ನು ಐದೈದು ಸಲ ಬರೆಸಿದವಳು ನಾನೇ. ನೋಡಿ ಬರೆ, ತಿಳಿಯದಿದ್ದರೂ ಬರೆ, ಕೈಗೆ ಬಂದರೆ ಸಾಕು ಎಂದವಳೂ ನಾನೇ. ಕಾಲೇಜಿನವರು ಅವನ ಕೈಗೆ ಕೊಟ್ಟದ್ದು ಹೊಸ ರೋಗವಲ್ಲ. ಅದು ನಮ್ಮ ಅಡಿಗೆಮನೆಯ ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಅಂಟಿದ್ದು.

ಅವನು ಈಗ ಹೊಸಪೇಟೆಯಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಮುದುಕಿಯೊಬ್ಬಳು ಮೊಮ್ಮಗನ ಸೈಕಲ್ಲಿನ ಹಿಂದೆ ಕೂತು ನಮ್ಮ ಮನೆಗೆ ಬಂದಳು. ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಸಿಕ್ಕಿತೆಂದು ಆ ಹನ್ನೊಂದು ಹುಡುಗಿಯರ ಫೋಟೋ ತಂದಿದ್ದಳು. ಒಂದು ಮೂಲೆ ಗೆದ್ದಲು ತಿಂದಿದೆ. ಸ್ಲೇಟು ಹಿಡಿದವಳು ಇದ್ದಾಳೆ. 37ರಲ್ಲಿ ಒಂದು ಕಡಿಮೆಯಾಯಿತು. ಹುಡುಗ ಭಾನುವಾರ ಬಂದು ಸ್ಕ್ಯಾನ್ ಮಾಡಿ, ಎರಡು ಕಡೆ ನಕಲು ಇಟ್ಟು, ತಾಳೆ ಹಾಕಿದ. ಗಾತ್ರಗಳನ್ನು ಗಟ್ಟಿಯಾಗಿ ಓದು ಎಂದೆ. ಓದಿದ. ಇನ್ನೊಮ್ಮೆ ಓದಿಸಿದೆ. ಮುದುಕಿ ಚಹಾ ಕುಡಿದು ಲೋಟ ಕೆಳಗಿಟ್ಟು, "ಅಸಲು ನನ್ನ ಕೈಯಾಗ ಕೊಡ್ರಿ ಅಕ್ಕೋರೇ, ಹೊಕ್ಕೀನಿ" ಎಂದಳು.